ಗೆದ್ದಲಿಗೆ ಕ್ಲೋರ್‌ಪೈರಿಫಾಸ್ ಬೇಕೇ? ಮನೆ ಪಾಯ, ಅಡಿಕೆ ಬುಡ, ಕಾಫಿ ಕಾಂಡ: ಮೂರು ಕಡೆ ಮೂರು ಲೆಕ್ಕ

ಗೊಬ್ಬರದಂಗಡಿಗೆ ಹೋಗಿ ‘ಗೆದ್ದಲಿಗೆ ಏನಾದ್ರೂ ಕೊಡಿ’ ಅನ್ನಿ. ಎಲ್ಲಿ ಬಂದಿದೆ, ಯಾವುದಕ್ಕೆ ಬಂದಿದೆ ಅಂತ ಕೇಳುವವರು ಅಪರೂಪ. ಕೈ ನೇರ ಕ್ಲೋರ್‌ಪೈರಿಫಾಸ್ ಬಾಟಲಿಗೆ ಹೋಗುತ್ತದೆ. ಅಡಿಕೆಗೆ ಬೇರುಹುಳ ಅಂದರೂ ಅದೇ ಬಾಟಲಿ. ಕಾಫಿಗೆ ಬೋರರ್, ಅಂದರೆ ಕಾಂಡ ಕೊರೆಯುವ ಹುಳ ಅಂದರೂ ಅದೇ.

ನಮ್ಮದು ಕೆಳಗಡೆ ಅಡಿಕೆ, ಮೇಲಿನ ಗುಡ್ಡದಲ್ಲಿ ಒಂದಿಷ್ಟು ಅರೇಬಿಕಾ ಕಾಫಿ ಇರುವ ಸಣ್ಣ ತೋಟ. ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ ವರ್ಷ ಈ ಮೂರೂ ಕೆಲಸ ಒಟ್ಟಿಗೇ ಬಂತು. ಒಂದೇ ಬಾಟಲಿಯನ್ನು ಮೂರು ಕಡೆಗೆ ಕೊಳ್ಳಬೇಕೋ ಬೇಡವೋ ಅಂತ ಮೂರು ಸಲ ಯೋಚಿಸಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ‘ಯಾವುದು ಚೆನ್ನಾಗಿ ಕೊಲ್ಲುತ್ತದೆ’ ಅಂತ ಹೋಲಿಸಿದರೆ ಈ ಲೆಕ್ಕ ಬಗೆಹರಿಯುವುದಿಲ್ಲ, ಕೊಲ್ಲುವುದನ್ನು ಎಲ್ಲವೂ ಕೊಲ್ಲುತ್ತವೆ. ಹಾಕಿದ ಮೇಲೆ ಆ ವಿಷ ಎಲ್ಲಿ ಕೂರುತ್ತದೆ, ಅದನ್ನು ಯಾರು ಮುಟ್ಟುತ್ತಾರೆ ಅಂತ ಕೇಳಿಕೊಂಡಾಗಲೇ ಆಯ್ಕೆ ಸುಲಭವಾಯಿತು.

ಮೊದಲು ಬಾಟಲಿಯೊಳಗೆ ಇರುವುದೇನು ಅಂತ ನೋಡೋಣ.

ಒಂದೇ ಮನೆತನದವರು

ಕ್ಲೋರ್‌ಪೈರಿಫಾಸ್ 1965ರಲ್ಲಿ ಅಮೆರಿಕದ ಡೌ ಕಂಪನಿ ಮಾರುಕಟ್ಟೆಗೆ ತಂದ ಕೀಟನಾಶಕ. ಆರ್ಗನೋಫಾಸ್ಫೇಟ್ ಅನ್ನುವ ಗುಂಪಿನದು. ಈ ಗುಂಪಿನ ಬಹಳ ಹೆಸರುಗಳು ರೈತರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ರೋಗರ್ ಅಂತ ಕರೆಯುವ ಡೈಮೆಥೋಯೇಟ್, ಥಿಮೆಟ್ ಅಂತ ಕರೆಯುವ ಫೋರೇಟ್, ತಿಗಣೆಗೆ ಹೊಡೆಯುತ್ತಿದ್ದ ನುವಾನ್ ಅಂದರೆ ಡೈಕ್ಲೋರ್‌ವಾಸ್, ಜತೆಗೆ ಮೊನೋಕ್ರೋಟೋಫಾಸ್, ಮೆಲಾಥಿಯಾನ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್, ಅಸಿಫೇಟ್. ಎಂಡೋಸಲ್ಫಾನ್ ಕೂಡ ಇದೇ ಗುಂಪು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕಾಸರಗೋಡು, ಕೊಕ್ಕಡದ ಗೇರುತೋಟಗಳಲ್ಲಿ ಜನರನ್ನು ಕಾಡಿದ ಆ ವಿಷ ಆರ್ಗನೋಕ್ಲೋರಿನ್ ಗುಂಪಿನದು, ಡಿಡಿಟಿಯ ನೆಂಟ. ಅದರ ಕಥೆಯೇ ಬೇರೆ.

ಈ ಗುಂಪಿನ ವಿಷಗಳೆಲ್ಲ ಕೊಲ್ಲುವುದು ಒಂದೇ ದಾರಿಯಲ್ಲಿ. ನರವು ಸ್ನಾಯುವಿಗೆ ‘ಕುಗ್ಗು’ ಅಂತ ಹೇಳಲು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಕಳಿಸುತ್ತದೆ. ಹೇಳಿ ಮುಗಿದ ಕೂಡಲೇ ಅದನ್ನು ಗುಡಿಸಿ ಹಾಕುವ ಕಿಣ್ವವೊಂದು ಅಲ್ಲೇ ಕಾದಿರುತ್ತದೆ. ಆರ್ಗನೋಫಾಸ್ಫೇಟ್ ಹೋಗಿ ಆ ಗುಡಿಸುವವನ ಕೈ ಕಟ್ಟಿಬಿಡುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಬಾಯಿ ಜೊಲ್ಲು ಸುರಿಸುತ್ತದೆ, ಕಣ್ಣಲ್ಲಿ ನೀರು, ವಾಂತಿ, ಭೇದಿ, ಮೈಯೆಲ್ಲ ಬೆವರು. ಎದೆಯಲ್ಲಿ ಕಫ ತುಂಬುತ್ತದೆ. ಸ್ನಾಯುಗಳು ಅದುರಿ ಅದುರಿ ಕಡೆಗೆ ಸೋಲುತ್ತವೆ. ಗೆದ್ದಲಿನ ಮೈಯಲ್ಲೂ ಇದೇ ಏರ್ಪಾಡು, ನಮ್ಮ ಮೈಯಲ್ಲೂ ಇದೇ. ಹುಳಕ್ಕೆ ಬೇರೆ, ಮನುಷ್ಯನಿಗೆ ಬೇರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಅಣ್ಣತಮ್ಮಂದಿರಲ್ಲಿ ಯಾರು ಎಷ್ಟು ಕೆಟ್ಟವರು ಅಂತ ತಿಳಿಯಲು ಡಬ್ಬದ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಅಂದರೆ ಅತಿ ಘೋರ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮೊನೋಕ್ರೋಟೋಫಾಸ್, ಫೋರೇಟ್ ಕೆಂಪು. ಕ್ಲೋರ್‌ಪೈರಿಫಾಸ್ ಹಳದಿ. ಮೆಲಾಥಿಯಾನ್ ನೀಲಿ. ಈ ತ್ರಿಕೋನಕ್ಕೆ ಒಂದು ಮಿತಿ ಇದೆ. ಒಂದೇ ಸಲಕ್ಕೆ ಮೈಯೊಳಗೆ ಹೋದರೆ ಎಷ್ಟು ಅಪಾಯ ಅಂತ ಮಾತ್ರ ಅದು ಹೇಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹತ್ತು ವರ್ಷ ತಾಗಿದರೆ ಏನಾಗುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಏನಾಗುತ್ತದೆ ಅನ್ನುವುದು ಅದರಲ್ಲಿ ಇಲ್ಲ.

ಲುಂಗಿ ಒದ್ದೆಯಾದ ದಿನ

ಕೆಲವು ವರ್ಷ ಹಿಂದೆ ನಮ್ಮ ತೋಟಕ್ಕೆ ಬರುವ ಅಣ್ಣ ಒಬ್ಬರು ಬೆಳಿಗ್ಗೆಯಿಂದ ಕಾಫಿ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಹೊಡೆದರು. ಬೆನ್ನ ಮೇಲಿನ ಪಂಪು ಸಣ್ಣಗೆ ಸೋರುತ್ತಿತ್ತು. ಮುಖಕ್ಕೆ ಟವೆಲ್ ಕಟ್ಟಿದ್ದರು. ಕೆಳಗೆ ಬರೀ ಲುಂಗಿ. ಮಧ್ಯಾಹ್ನ ತಲೆನೋವು, ಬಾಯಲ್ಲಿ ನೀರು, ಹೊಟ್ಟೆ ತೊಳೆಸುವುದು ಶುರುವಾಯಿತು. ಬಿಸಿಲಿಗೆ ಪಿತ್ತ ಕೆದರಿದೆ ಅಂತ ನಾವೇ ತೀರ್ಮಾನ ಮಾಡಿ ನಿಂಬೆ ಪಾನಕ ಕೊಟ್ಟೆವು. ಲುಂಗಿ ಬದಲಾಯಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸಂಜೆ ಅವರು ‘ಯಾಕೋ ಕಣ್ಣು ಮಂಜು ಮಂಜು’ ಅಂದಾಗ ಗಾಬರಿಯಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಕಣ್ಣಿಗೆ ಟಾರ್ಚ್ ಹಿಡಿದು ನೋಡಿದರು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ‘ಏನು ಹೊಡೆದಿರಿ’ ಅನ್ನುವುದೇ ಅವರ ಮೊದಲ ಪ್ರಶ್ನೆ.

ಅವರು ಹುಷಾರಾದರು. ಅವತ್ತು ನನಗೆ ಗೊತ್ತಾಗಿದ್ದು ಏನೆಂದರೆ, ಸಿಂಪಡಿಸುವವರಿಗೆ ಜಾಸ್ತಿ ವಿಷ ಹೋಗುವುದು ಮೂಗಿನಿಂದಲ್ಲ, ಚರ್ಮದಿಂದ. ಇದೇ ಗುಂಪಿನ ಪ್ಯಾರಾಥಿಯಾನ್ ಬಗ್ಗೆ ಅಮೆರಿಕದಲ್ಲಿ 1971ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮುಂಗೈಗಿಂತ ನೆತ್ತಿಯ ಚರ್ಮ ಸುಮಾರು ನಾಲ್ಕು ಪಟ್ಟು ಜಾಸ್ತಿ ಹೀರುತ್ತದೆ. ವೃಷಣದ ಚರ್ಮ ಹತ್ತು ಪಟ್ಟಿಗೂ ಜಾಸ್ತಿ, ಅಂದರೆ ತಾಗಿದ್ದೆಲ್ಲ ಹೆಚ್ಚುಕಡಿಮೆ ಒಳಗೇ. ನಾವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸೋರುವ ಪಂಪಿನ ಕೆಳಗೆ ತೆಳು ಲುಂಗಿ ಉಟ್ಟು ನಿಲ್ಲುತ್ತೇವೆ. ಹಾಗಾಗಿ ಯಾವುದನ್ನೇ ಆರಿಸಿ, ಮೊದಲ ಖರ್ಚು ಪಂಪಿನ ವಾಷರಿಗೆ, ಉದ್ದ ಪ್ಯಾಂಟಿಗೆ, ಬೂಟಿಗೆ. ಗ್ಲೌಸ್ ನೈಟ್ರೈಲ್ ರಬ್ಬರಿನದಾಗಿರಲಿ. ಬಟ್ಟೆಯ ಗ್ಲೌಸ್ ವಿಷವನ್ನು ಹೀರಿ ಕೈಗೆ ಒತ್ತಿ ಹಿಡಿಯುತ್ತದೆ, ಅದಕ್ಕಿಂತ ಬರಿಗೈ ವಾಸಿ. ಎಲ್ಲಕ್ಕಿಂತ ಅಪಾಯದ ಹೊತ್ತು ಅಂದರೆ ಬಾಟಲಿಯಿಂದ ಅಳೆದು ನೀರಿಗೆ ಬೆರೆಸುವ ಆ ಐದು ನಿಮಿಷ. ಅಲ್ಲಿ ಇರುವುದು ನೀರು ಕಾಣದ ಗಟ್ಟಿ ವಿಷ.

ಈ ವಿಷ ತಾಗಿದೆ ಅಂತ ಅನುಮಾನ ಬಂದರೆ ಬಟ್ಟೆ ಕಳಚಿ, ತಲೆಕೂದಲು, ಉಗುರಿನ ಸಂದು ಸಹಿತ ಸೋಪು ಹಾಕಿ ತೊಳೆಯಿರಿ. ತೊಳೆಯುವವರೂ ಗ್ಲೌಸ್ ಹಾಕಿಕೊಳ್ಳಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿಯಲ್ಲಿ ವಿಷದ ಜತೆ ಸೀಮೆಎಣ್ಣೆಯಂಥ ದ್ರಾವಕವೂ ಇರುತ್ತದೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅಪಾಯ. ಹಾಲು, ತುಪ್ಪ, ಹರಳೆಣ್ಣೆ ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ, ಬಾಟಲಿ ಅಥವಾ ಅದರ ಲೇಬಲ್ ಜತೆಗೇ ತೆಗೆದುಕೊಂಡು ಹೋಗಿ. ಅಲ್ಲಿ ಅಟ್ರೋಪಿನ್ ಕೊಡುತ್ತಾರೆ, ಬೇಕಾದರೆ ಪ್ರಾಲಿಡಾಕ್ಸಿಮ್ ಸೇರಿಸುತ್ತಾರೆ. ಮರುದಿನ ಎದ್ದು ಕೂತು ಕಾಫಿ ಕುಡಿದರು ಅಂತ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಡಿ. ಒಂದರಿಂದ ನಾಲ್ಕು ದಿನದ ಒಳಗೆ ಕೆಲವರಿಗೆ ಕುತ್ತಿಗೆ ಎತ್ತಲಾಗದೆ, ಉಸಿರಾಟದ ಸ್ನಾಯುಗಳೇ ಸೋಲುವುದುಂಟು. ಕ್ಲೋರ್‌ಪೈರಿಫಾಸ್‌ನಲ್ಲಂತೂ ಇನ್ನೂ ಎಚ್ಚರ ಬೇಕು. ಅದು ಕೊಬ್ಬಿನಲ್ಲಿ ಕೂತು, ಪಿತ್ತಜನಕಾಂಗದಲ್ಲಿ ಬದಲಾದ ಮೇಲೆ ನಿಜವಾದ ವಿಷವಾಗುತ್ತದೆ. ಹಾಗಾಗಿ ಲಕ್ಷಣ ತಡವಾಗಿ ಬರಬಹುದು, ಬಂದದ್ದು ಬೇಗ ಬಿಡದೆಯೂ ಇರಬಹುದು.

ಮನೆ ಪಾಯಕ್ಕೆ: ವಾಸನೆ ಬರುವುದೋ, ಬಾರದಿರುವುದೋ

ಪಾಯ ತುಂಬಿ, ಮಣ್ಣು ದಮ್ಮಸ್ಸು ಮಾಡಿ, ಕಾಂಕ್ರೀಟ್ ಹಾಕುವ ಮುಂಚೆ ಗೆದ್ದಲು ಔಷಧಿ ಹಾಕಿಸುವ ಕೆಲಸ ಇದು. ನಿಜವಾಗಿ ಉಪಯೋಗ ಇರುವುದು ಈ ಹಂತದಲ್ಲೇ. ಕಾಂಕ್ರೀಟ್ ಬಿದ್ದ ಮೇಲೆ ಆ ಮಣ್ಣು ಮತ್ತೆ ಕೈಗೆ ಸಿಗುವುದಿಲ್ಲ. ಇದಕ್ಕೆ ಐಎಸ್ 6313 ಅನ್ನುವ ಭಾರತೀಯ ಮಾನಕ ಇದೆ. ಕ್ಲೋರ್‌ಪೈರಿಫಾಸ್ ಆದರೆ ದ್ರಾವಣದಲ್ಲಿ ಶೇ. 1, ಇಮಿಡಾಕ್ಲೋಪ್ರಿಡ್ ಆದರೆ ಶೇ. 0.075, ಬೈಫೆನ್‌ಥ್ರಿನ್ ಆದರೆ ಶೇ. 0.05. ನೆಲಕ್ಕೆ ಚದರ ಮೀಟರಿಗೆ 5 ಲೀಟರ್ ದ್ರಾವಣ.

ಈ ಅಂಕಿ ಹಿಡಿದು ನಾನೇ ಗುಣಿಸಿ ನೋಡಿದೆ. ಸಾವಿರ ಚದರಡಿ ಅಂದರೆ ಸುಮಾರು 93 ಚದರ ಮೀಟರ್. ಬರೀ ನೆಲಕ್ಕೇ 465 ಲೀಟರ್ ದ್ರಾವಣ. ಅದರೊಳಗೆ ಇರುವ ಅಸಲಿ ವಿಷ, ಕ್ಲೋರ್‌ಪೈರಿಫಾಸ್ ಆದರೆ ನಾಲ್ಕೂವರೆ ಕೆ.ಜಿ.ಗೂ ಜಾಸ್ತಿ. ಇಮಿಡಾಕ್ಲೋಪ್ರಿಡ್ ಆದರೆ ಸುಮಾರು 350 ಗ್ರಾಂ. ಬೈಫೆನ್‌ಥ್ರಿನ್ ಆದರೆ 230 ಗ್ರಾಂ. ಗ್ರಾಂಗೆ ಗ್ರಾಂ ಸಮ ಅಂತ ಹೇಳುತ್ತಿಲ್ಲ. ಬೈಫೆನ್‌ಥ್ರಿನ್ ಕೂಡ ಸಾಧು ಅಲ್ಲ, ಮೀನಿಗಂತೂ ಯಮ. ಆದರೂ ನಾವು ಮಲಗುವ ಕೋಣೆಯ ಕೆಳಗೆ ನಾಲ್ಕೂವರೆ ಕೆ.ಜಿ. ನರವಿಷ ಅಂದಾಗ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಕ್ಲೋರ್‌ಪೈರಿಫಾಸ್ ಪರ ಹೇಳುವ ಮಾತೂ ಇದೆ. ಲೀಟರಿಗೆ ಅಗ್ಗ. ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಈ ಪ್ರಮಾಣದಲ್ಲಿ ಹಾಕಿದರೆ ವರ್ಷಗಟ್ಟಲೆ ಉಳಿಯುತ್ತದೆ. ಮೇಸ್ತ್ರಿಗಳಿಗೆ ಅದರ ಮೇಲೆ ನಂಬಿಕೆ ಜಾಸ್ತಿ, ಕಾರಣ ಅದರ ವಾಸನೆ. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂತೆ ನಾರುತ್ತದೆ. ‘ವಾಸನೆ ಬಂದರೆ ತಾನೇ ಸಾರ್ ಔಷಧಿ ಹಾಕಿದ್ದಾರೆ ಅಂತ ಗೊತ್ತಾಗೋದು’ ಅಂದರು ನಮ್ಮ ಮೇಸ್ತ್ರಿ. ಇಮಿಡಾಕ್ಲೋಪ್ರಿಡ್‌ಗೆ ವಾಸನೆ ಇಲ್ಲ ಅನ್ನುವಷ್ಟು ಕಡಿಮೆ. ಬರೀ ನೀರು ಹೊಡೆದು ಹೋದರೋ ಏನೋ ಅಂತ ಮನೆಯವರಿಗೆ ಅನುಮಾನ. ಆದರೆ ಆ ವಾಸನೆಯ ಅರ್ಥ ಅದು ಗಾಳಿಗೆ ಏಳುತ್ತಿದೆ ಅಂತಲೇ ಅಲ್ವಾ? ಏಳುವುದನ್ನು ಉಸಿರಾಡುವವರು ಯಾರು?

ಅಮೆರಿಕದಲ್ಲಿ ಮನೆಯೊಳಗಿನ ಬಳಕೆ ನಿಂತದ್ದು ಇದೇ ಪ್ರಶ್ನೆಯಿಂದ. 2000ದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕಂಪನಿಗಳ ಜತೆ ಒಪ್ಪಂದ ಮಾಡಿಕೊಂಡು ಮನೆಬಳಕೆಯನ್ನು ಹೆಚ್ಚುಕಡಿಮೆ ಕೊನೆಗಾಣಿಸಿತು. ಹೊಸ ಮನೆಗಳ ಪಾಯಕ್ಕೆ ಹಾಕುವುದೂ 2005ರ ಕೊನೆಗೆ ನಿಂತಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ತಾಯಂದಿರ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ವಿಷವನ್ನು ಅಳೆದು, ಆ ಮಕ್ಕಳನ್ನು ಬೆಳೆಯುವವರೆಗೂ ಗಮನಿಸಿದರು. 2011ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಗರ್ಭದಲ್ಲಿದ್ದಾಗ ಜಾಸ್ತಿ ತಾಗಿಸಿಕೊಂಡ ಮಕ್ಕಳು ಏಳು ವರ್ಷದ ಹೊತ್ತಿಗೆ ನೆನಪು ಮತ್ತು ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ಸ್ವಲ್ಪ ಹಿಂದೆ ಇದ್ದರು. ಅದು ಪೇಟೆಯ ಅಪಾರ್ಟ್‌ಮೆಂಟುಗಳ ಮಾತು. ನಮ್ಮ ಮನೆಯಲ್ಲಿ ಆಗ ತಂಗಿ ಬಾಣಂತನಕ್ಕೆ ಬರುವುದಿತ್ತು. ನನಗೆ ಅಷ್ಟು ಸಾಕಾಯಿತು.

ಉಳಿದ ಎರಡರಲ್ಲಿ ಬೈಫೆನ್‌ಥ್ರಿನ್ ಗೆದ್ದಲನ್ನು ಹೆದರಿಸಿ ಓಡಿಸುವ ಜಾತಿಯದು. ಬೇಲಿ ಹಾಕಿದ ಹಾಗೆ. ಬೇಲಿಯಲ್ಲಿ ಒಂದು ಕಡೆ ಸಂದು ಬಿಟ್ಟರೆ ಗೆದ್ದಲು ಅದನ್ನೇ ಹುಡುಕಿ ಒಳಗೆ ಬರುತ್ತದೆ. ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಹಾಗಲ್ಲ. ವಿಷ ಇದೆ ಅಂತ ಗೆದ್ದಲಿಗೆ ತಿಳಿಯುವುದಿಲ್ಲ. ಅದರೊಳಗೆ ಓಡಾಡಿ, ಗೂಡಿಗೆ ಹೋಗಿ, ಒಂದರ ಮೈಯಿಂದ ಇನ್ನೊಂದಕ್ಕೆ ಹರಡುತ್ತದೆ. ಸಾಯುವುದು ನಿಧಾನ. ಇಮಿಡಾಕ್ಲೋಪ್ರಿಡ್‌ನ ದೋಷ ಅಂದರೆ ಅದು ನೀರಿನಲ್ಲಿ ಕರಗುತ್ತದೆ, ನೀರಿನ ಜತೆ ಕೆಳಗೆ ಇಳಿಯುತ್ತದೆ. ಮನೆಗೆ ತಾಗಿಕೊಂಡೇ ಬಾವಿ ಇದ್ದರೆ ಆ ಬದಿಗೆ ನಾನು ಮೂರರಲ್ಲಿ ಯಾವುದನ್ನೂ ಹಾಕಿಸುವುದಿಲ್ಲ. ನಮ್ಮ ಬಾವಿ ದೂರ ಇತ್ತು. ಇಮಿಡಾಕ್ಲೋಪ್ರಿಡ್ ಆರಿಸಿದೆವು.

ಬರೀ ನೀರು ಹೊಡೆಯುತ್ತಾರೆ ಅನ್ನುವ ಅನುಮಾನಕ್ಕೆ ಮದ್ದು ಬೆರೆಸುವಾಗ ಎದುರಿಗೇ ನಿಲ್ಲುವುದು, ಗಾಳಿ ಬರುವ ಬದಿಯಲ್ಲಿ. ಸೀಲ್ ಒಡೆಯದ ಡಬ್ಬವನ್ನೇ ತರಲು ಹೇಳಿ. ಡಬ್ಬದ ಮೇಲೆ ಎಸ್‌ಸಿ, ಇಸಿ ಅಂತ ಇರುವ ಅಂಕಿ ಅದರೊಳಗೆ ಅಸಲಿ ವಿಷ ಶೇಕಡಾ ಎಷ್ಟು ಅನ್ನುವುದು. 30.5 ಎಸ್‌ಸಿ ಇಮಿಡಾಕ್ಲೋಪ್ರಿಡ್ ಆದರೆ ಲೀಟರ್ ನೀರಿಗೆ 2 ಮಿ.ಲೀ. ಚಿಲ್ಲರೆ. 2.5 ಇಸಿ ಬೈಫೆನ್‌ಥ್ರಿನ್ ಆದರೆ 20 ಮಿ.ಲೀ. 20 ಇಸಿ ಕ್ಲೋರ್‌ಪೈರಿಫಾಸ್ ಆದರೆ 100 ಲೀಟರ್ ದ್ರಾವಣಕ್ಕೆ ಪೂರಾ 5 ಲೀಟರ್. ಈ ಕೊನೆಯ ಅಂಕಿಯಲ್ಲೇ ಕಳ್ಳಾಟ ಜಾಸ್ತಿ. ಸಾವಿರ ಚದರಡಿಗೆ 23 ಲೀಟರ್ ಬೇಕಾದಲ್ಲಿ ಎರಡೇ ಎರಡು 5 ಲೀಟರ್ ಕ್ಯಾನ್ ತಂದಿದ್ದರೆ ‘10 ವರ್ಷ ಗ್ಯಾರಂಟಿ’ ಪತ್ರವನ್ನು ಗೋಡೆಗೆ ಅಂಟಿಸಿ, ಅದನ್ನೂ ಗೆದ್ದಲೇ ತಿನ್ನುತ್ತದೆ. ಮಳೆ ಬರುವ ಸೂಚನೆ ಇರುವ ದಿನ ಹಾಕಿಸಬೇಡಿ. ಹಾಕಿದ ಮೇಲೆ ಬರಿಗಾಲಲ್ಲಿ ಕೆಲಸಕ್ಕೆ ಇಳಿಯುವವರು, ಅಲ್ಲೇ ಆಡುವ ಅವರ ಮಕ್ಕಳು ಮಣ್ಣು ಒಣಗುವ ತನಕ ಆ ಕಡೆ ಬಾರದ ಹಾಗೆ ನೋಡಿಕೊಳ್ಳಿ.

ಮನೆ ಕಟ್ಟಿ ಆಗಿದೆ, ಈಗ ಚೌಕಟ್ಟಿಗೆ ಗೆದ್ದಲು ಬಂದಿದೆ ಅನ್ನುವವರಿಗೆ ಕ್ಲೋರ್‌ಪೈರಿಫಾಸ್ ಬೇಡವೇ ಬೇಡ. ಗೋಡೆಯಂಚಿಗೆ ತೂತು ಕೊರೆದು ಇಳಿಸುವಾಗ ಕೋಣೆಯೊಳಗೇ ಅದರ ಹಬೆ ಇರುತ್ತದೆ. ಅಲ್ಲಿ ವಾಸನೆಯಿಲ್ಲದ್ದು, ಇಲ್ಲವೇ ಗೆದ್ದಲು ತಿಂದು ಗೂಡಿಗೆ ಒಯ್ಯುವ ಬೈಟ್ ಪೆಟ್ಟಿಗೆ. ಹೊಸ ಮರಕ್ಕೆ ಬೋರೇಟ್ ಬಳಿಯಬಹುದು. ಕರಾವಳಿಯಲ್ಲಿ ಪಕಾಸಿಗೆ, ದೋಣಿಗೆ ಗೇರೆಣ್ಣೆ ಬಳಿಯುವ ಪದ್ಧತಿ ಸುಮ್ನೆ ಬಂದದ್ದಲ್ಲ, ಕೈಗೆ ತಾಗಿದರೆ ಸುಡುತ್ತದೆ ಅಷ್ಟೆ. ಎಲ್ಲಕ್ಕಿಂತ ಅಗ್ಗದ ಉಪಾಯ ಮರ ಮಣ್ಣಿಗೆ ತಾಗದ ಹಾಗೆ ನೋಡಿಕೊಳ್ಳುವುದು, ಗೋಡೆಗೆ ಒರಗಿಸಿ ಸೌದೆ ಒಟ್ಟದಿರುವುದು. ನಮ್ಮ ಹಳೇ ಮನೆಗೆ ಒರಲೆ ಹತ್ತಿದ್ದೇ ಹಿತ್ತಲ ಗೋಡೆಯ ಸೌದೆ ರಾಶಿಯಿಂದ.

ಅಡಿಕೆ ಬುಡಕ್ಕೆ

ಮೊದಲು ಒಂದು ಮಾತು. ತೋಟದ ದರಗಿನಲ್ಲಿ, ಒಣ ಸೋಗೆಯಲ್ಲಿ ಗೆದ್ದಲು ಕಂಡರೆ ಬಿಟ್ಟುಬಿಡಿ. ಅದು ಸತ್ತದ್ದನ್ನು ಮಣ್ಣು ಮಾಡುತ್ತಿದೆ. ಅದಕ್ಕೆ ವಿಷ ಹಾಕುವುದು ಸಂಬಳವಿಲ್ಲದೆ ದುಡಿಯುವ ಆಳನ್ನು ಓಡಿಸಿದ ಹಾಗೆ.

ಕಾಡುವುದು ಬೇರುಹುಳ, ಅಂದರೆ ಮಣ್ಣಿನೊಳಗೆ ಬೆಳೆಯುವ ದುಂಬಿಯ ಮರಿ. ಬುಡದ ಬೇರು ತಿಂದು, ಮರ ಹಳದಿಯಾಗಿ, ತುದಿ ಸಣ್ಣಗಾಗಿ, ಗಾಳಿಗೆ ಅಲುಗಾಡುವ ಹಾಗಾದಾಗ ನಮಗೆ ಗೊತ್ತಾಗುತ್ತದೆ. ಬುಡ ಬಿಡಿಸಿ ಕ್ಲೋರ್‌ಪೈರಿಫಾಸ್ ನೀರು ಹೊಯ್ಯುವುದು ಹಳೆಯ ರೂಢಿ, ಹುಳ ಸಾಯುವುದೂ ಹೌದು. ನನಗೆ ಅದು ಒಗ್ಗದ್ದು ತೋಟ ಇರುವ ಜಾಗದ ಕಾರಣಕ್ಕೆ. ಮಲೆನಾಡಿನ ಅಡಿಕೆ ತೋಟ ಅಂದರೆ ಎರಡು ಗುಡ್ಡದ ನಡುವಿನ ಕೊರಕಲು. ಮಳೆಗಾಲದಲ್ಲಿ ಬಸಿಗಾಲುವೆಯಲ್ಲಿ ಸದಾ ನೀರು. ಕ್ಲೋರ್‌ಪೈರಿಫಾಸ್ ನೀರಲ್ಲಿ ಕರಗುವುದು ಕಡಿಮೆ ನಿಜ, ಆದರೆ ಅಂಟಿಕೊಂಡ ಮಣ್ಣೇ ಕೊಚ್ಚಿ ಹೋದರೆ ಜತೆಗೆ ಅದೂ ಹೋಗುತ್ತದೆ. ಹಳ್ಳದ ಮೀನು, ಏಡಿ, ಸಿಗಡಿಗೆ ಅದು ತೀರಾ ಕಡಿಮೆ ಪ್ರಮಾಣದಲ್ಲೂ ಮಾರಕ. ಆ ಹಳ್ಳದ ಕೆಳಗೆ ಇನ್ನೊಬ್ಬರ ಮನೆ ಇದೆ.

ಇದಕ್ಕೆ ಎದುರು ಇರುವ ಆಯ್ಕೆಗಳಲ್ಲಿ ಅತ್ಯಂತ ಹಳತು ದುಂಬಿ ಹಿಡಿಯುವುದು. ಮುಂಗಾರು ಹಿಡಿಯುತ್ತಿದ್ದ ಹಾಗೆ ಸಂಜೆ ಮಬ್ಬುಗತ್ತಲಲ್ಲಿ ದುಂಬಿಗಳು ಮಣ್ಣಿಂದ ಏಳುತ್ತವೆ. ಅವು ಹಾರಾಡುವುದು ಮುಕ್ಕಾಲು ಗಂಟೆ, ಒಂದು ಗಂಟೆ. ಎರಡು ವಾರ ದಿನಾ ಸಂಜೆ ಹಿಡಿದು ಸೋಪಿನ ನೀರಿಗೆ ಹಾಕಿದರೆ ಮೊಟ್ಟೆಯಿಡುವ ಹೆಣ್ಣುಗಳೇ ಕಡಿಮೆಯಾಗುತ್ತವೆ. ಒಬ್ಬರೇ ಹಿಡಿದರೆ ಪ್ರಯೋಜನ ಇಲ್ಲ, ಪಕ್ಕದ ತೋಟದಿಂದ ಬರುತ್ತವೆ. ಕೇರಿಗೆ ಕೇರಿಯೇ ಇಳಿಯಬೇಕು. ನಮ್ಮಲ್ಲಿ ಮೊದಲ ವರ್ಷ ಹುಡುಗರಿಗೆ ಎಣಿಸಿ ದುಡ್ಡು ಕೊಟ್ಟೆವು. ಲೆಕ್ಕ ಹಿಡಿಯುವಾಗ ಜಗಳವೋ ಜಗಳ.

ಇನ್ನೊಂದು, ಹುಳವನ್ನು ತಿನ್ನುವ ಜಂತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಹೆಟೆರೊರ್‍ಹಾಬ್ಡಿಟಿಸ್ ಇಂಡಿಕಾ ಅನ್ನುವ ಜಂತುಹುಳವನ್ನು ಪುಡಿಯ ರೂಪಕ್ಕೆ ತಂದಿದ್ದಾರೆ. ನೀರಿಗೆ ಬೆರೆಸಿ ಬುಡಕ್ಕೆ ಹೊಯ್ದರೆ ಅದು ಬೇರುಹುಳದ ಮೈಯೊಳಗೆ ನುಗ್ಗಿ, ತನ್ನ ಜತೆ ಒಯ್ದ ಬ್ಯಾಕ್ಟೀರಿಯಾದಿಂದ ಕೊಲ್ಲುತ್ತದೆ. ಹೆಸರು ಹೇಳಲು ನಾಲಿಗೆ ತಿರುಗುವುದಿಲ್ಲ, ನಮ್ಮ ಕಡೆ ‘ಜಂತು ಪುಡಿ’ ಅಂತಲೇ ಮಾತು. ಬಿಸಿಲು, ಒಣಮಣ್ಣು ಅದಕ್ಕೆ ಆಗದು. ಬಯಲುಸೀಮೆಯ ಕಬ್ಬಿನ ಹೊಲದಲ್ಲಿ ಇದೊಂದು ತಾಪತ್ರಯ. ನೆರಳೂ ತೇವವೂ ಇರುವ ಅಡಿಕೆ ತೋಟ ಅದಕ್ಕೆ ತವರುಮನೆ ಇದ್ದಂತೆ. ತಾಜಾ ಇರಬೇಕು, ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಪೊಟ್ಟಣ ದಂಡ. ಕೆಲಸ ನಿಧಾನ. ಮರ ಈಗಾಗಲೇ ವಾಲಿದ್ದರೆ ಇದನ್ನು ನಂಬಿ ಕೂರಬೇಡಿ. ಅಂಥ ನಾಲ್ಕೈದು ಮರಕ್ಕೆ ಮಾತ್ರ, ಕಾಲುವೆಯಿಂದ ದೂರ ಇದ್ದರೆ, ಮಳೆ ಬಿಡುವು ನೋಡಿ ಔಷಧಿ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಇಡೀ ತೋಟಕ್ಕೆ ಹೊಯ್ಯುವುದಕ್ಕೆ ಮಾತ್ರ ನನ್ನ ತಕರಾರು.

ಕಾಫಿ ಕಾಂಡಕ್ಕೆ

ಇಲ್ಲಿ ನನ್ನ ಉತ್ತರ ಅಷ್ಟು ಖಡಕ್ ಆಗಿಲ್ಲ. ಬಿಳಿ ಕಾಂಡಕೊರಕ ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಹುಳ. ರೋಬಸ್ಟಾದವರಿಗೆ ಇದರ ಚಿಂತೆ ಇಲ್ಲ. ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ. ಏಪ್ರಿಲ್–ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಬಿಸಿಲು ಬೀಳುವ ಕಾಂಡದ ತೊಗಟೆ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕ ಮೇಲೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಗಿಡ ಕಿತ್ತು ಸುಡುವುದೊಂದೇ ದಾರಿ.

ಕಾಫಿ ಬೋರ್ಡಿನ ಹಳೆಯ ಶಿಫಾರಸು 200 ಲೀಟರ್ ನೀರಿಗೆ 20 ಇಸಿ ಕ್ಲೋರ್‌ಪೈರಿಫಾಸ್ 600 ಮಿ.ಲೀ., ಜತೆಗೆ ಅಂಟು ದ್ರಾವಣ, ಕಾಂಡಕ್ಕೆ ಮತ್ತು ದಪ್ಪ ರೆಕ್ಕೆಗಳಿಗೆ, ಅಂದರೆ ಕೊಂಬೆಗಳಿಗೆ. ಈಗಿನ ಶಿಫಾರಸು ಏನು ಅಂತ ಹತ್ತಿರದ ಬೋರ್ಡ್ ಕಚೇರಿಯಲ್ಲಿ ಕೇಳಿಯೇ ಮುಂದೆ ಹೋಗಿ. ಕಾರಣ ಯುರೋಪ್. ಯುರೋಪಿಯನ್ ಒಕ್ಕೂಟ 2020ರ ಜನವರಿಯಲ್ಲಿ ಕ್ಲೋರ್‌ಪೈರಿಫಾಸ್ ಪರವಾನಗಿ ಮುಂದುವರಿಸಲಿಲ್ಲ. ಆಮೇಲೆ ಆಹಾರದಲ್ಲಿ ಇರಬಹುದಾದ ಮಿತಿಯನ್ನು ಕೆ.ಜಿ.ಗೆ 0.01 ಮಿ.ಗ್ರಾಂಗೆ ಇಳಿಸಿತು. ಅಂದರೆ ಇರಲೇಬಾರದು ಅಂದ ಹಾಗೆ. ನಮ್ಮ ಕಾಫಿಯನ್ನು ಜಾಸ್ತಿ ಕೊಳ್ಳುವವರು ಇಟಲಿ, ಜರ್ಮನಿಯವರು. ಥಾಯ್ಲೆಂಡ್ 2020ರ ಜೂನ್‌ನಿಂದ ನಿಷೇಧಿಸಿದೆ. ಅಮೆರಿಕದಲ್ಲಿ ಹಗ್ಗಜಗ್ಗಾಟ: 2021ರಲ್ಲಿ ಆಹಾರ ಬೆಳೆಗಳಿಗೆ ಬೇಡ ಅಂದರು, 2023ರಲ್ಲಿ ಕೋರ್ಟ್ ಆ ಆದೇಶ ತೆಗೆದುಹಾಕಿತು. 2025ರ ಮೇ ತಿಂಗಳಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕೆಲವು ವಿನಾಯಿತಿಗಳೊಂದಿಗೆ ಇದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು.

ಬೆಲೆಯ ಮಾತು ಹಾಗಿರಲಿ. ಅಕ್ಟೋಬರಿನಿಂದ ಡಿಸೆಂಬರ್ ಅಂದರೆ ಅರೇಬಿಕಾ ಹಣ್ಣಾಗುವ, ಕುಯ್ಯುವ ಕಾಲ. ಕುಯ್ಯುವ ಹೆಂಗಸರು ಗಿಡವನ್ನು ತಬ್ಬಿಕೊಂಡು ರೆಕ್ಕೆ ಬಗ್ಗಿಸುತ್ತಾರೆ. ಅದೇ ಕೈಯಲ್ಲಿ ಹನ್ನೊಂದು ಗಂಟೆಗೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಹಿಂದಿನ ವಾರ ಆ ಕಾಂಡಕ್ಕೆ ಹೊಡೆದದ್ದು ಎಲ್ಲಿಗೆ ಹೋಗುತ್ತದೆ? ಈ ಎರಡನೇ ಸುತ್ತನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಬದಲಿಗೆ ಇರುವುದು ಸುಣ್ಣ. ಶೇ. 10, ಅಂದರೆ 200 ಲೀಟರಿಗೆ 20 ಕೆ.ಜಿ. ಕಾಂಡಕ್ಕೆ ಬಳಿದರೆ ತೊಗಟೆ ಸಂದು ಮುಚ್ಚುತ್ತದೆ. ಮಳೆ ಜೋರಾಗಿ ಬಂದರೆ ತೊಳೆದು ಹೋಗುತ್ತದೆ, ಮತ್ತೆ ಬಳಿಯಬೇಕು. ತೆಂಗಿನ ನಾರಿನ ಗ್ಲೌಸ್ ಹಾಕಿ ಸಡಿಲ ತೊಗಟೆ ಉಜ್ಜಿ ತೆಗೆಯುವುದು ಇನ್ನೊಂದು. ಆಳು ಖರ್ಚು ಇಲ್ಲೇ ಏರುವುದು. ಎಕರೆಗೆ ಹತ್ತರಂತೆ ಮೋಹಕ ಬಲೆ ಕಟ್ಟಬಹುದು. ಗಂಡು ದುಂಬಿಯ ವಾಸನೆಗೆ ಹೆಣ್ಣು ಬಂದು ಬೀಳುತ್ತದೆ. ಬಲೆಯೊಂದರಿಂದಲೇ ಹುಳ ಮುಗಿಯುತ್ತದೆ ಅಂತ ನಂಬಿದರೆ ಮೋಸ ಹೋಗುತ್ತೀರಿ, ಆದರೆ ದುಂಬಿ ಹಾರುವುದು ಯಾವಾಗ ಶುರುವಾಯಿತು ಅಂತ ಅದು ಸರಿಯಾಗಿ ಹೇಳುತ್ತದೆ. ಇವೆಲ್ಲಕ್ಕಿಂತ ಮುಖ್ಯ ನೆರಳು, ಮತ್ತು ಹಾರಾಟಕ್ಕೆ ಮೊದಲು, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಬೋರರ್ ಟ್ರೇಸಿಂಗ್ ಮಾಡಿ, ಅಂದರೆ ಗಿಡ ಗಿಡ ಹುಡುಕಿ, ಹುಳ ಬಿದ್ದ ಗಿಡ ಕಿತ್ತು ಸುಡುವುದು. ನೆರಳಿಗಿದ್ದ ಸಿಲ್ವರ್ ಮರ ಒಟ್ಟಿಗೇ ಮಾರಿ ತೋಟ ಬೋಳಾದ ವರ್ಷ ನಮ್ಮಲ್ಲಿ ಕಿತ್ತ ಗಿಡಗಳ ರಾಶಿಯನ್ನು ನಾನು ಮರೆತಿಲ್ಲ.

ಏಪ್ರಿಲ್ ಸುತ್ತಿನಲ್ಲಿ, ಬಿಸಿಲು ಜಾಸ್ತಿ ಬೀಳುವ ಅಂಚಿನ ಪಟ್ಟಿಗೆ ಮಾತ್ರ ಕಳೆದ ವರ್ಷವೂ ಔಷಧಿ ಹೊಡೆಸಿದೆ. ಆಗ ಗಿಡದಲ್ಲಿ ಹಣ್ಣಿಲ್ಲ, ಕುಯ್ಲಿಗೆ ಏಳೆಂಟು ತಿಂಗಳಿದೆ. ಒಳಗಿನ ಗಿಡಗಳಿಗೆ ಸುಣ್ಣ. ಸರ್ಟಿಫಿಕೇಟ್ ಕಾಫಿ ಮಾರುವವರಿಗೆ ಇಷ್ಟೂ ಸಾಧ್ಯವಿಲ್ಲ.

ಇದರ ಬದಲು ಅದೇ ಗುಂಪಿನ ಇನ್ನೊಂದು ಆಗಬಹುದೇ?

ಅಂಗಡಿಯಲ್ಲಿ ಕ್ಲೋರ್‌ಪೈರಿಫಾಸ್ ಇಲ್ಲದಿದ್ದರೆ ‘ಇದೂ ಅದೇ’ ಅಂತ ಇನ್ನೊಂದು ಕೊಡುವುದುಂಟು. ಅದೇ ಅಲ್ಲ. ಮೊನೋಕ್ರೋಟೋಫಾಸ್ ಹಳೇ ದಾಸ್ತಾನು ಅಂತ ಯಾರಾದರೂ ಕೊಟ್ಟರೆ ಮುಟ್ಟಬೇಡಿ. ತರಕಾರಿಗೆ ಅದು 2005ರಿಂದಲೇ ನಿಷಿದ್ಧ. 2023ರಲ್ಲಿ ಅದರ ಶೇ. 36ರ ದ್ರಾವಣವನ್ನೇ ಸರ್ಕಾರ ನಿಷೇಧದ ಪಟ್ಟಿಗೆ ಹಾಕಿತು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತದ್ದು ಅಡುಗೆಯಲ್ಲಿ ಈ ವಿಷ ಸೇರಿದ್ದರಿಂದ. 2018ರ ಡಿಸೆಂಬರ್‌ನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು, ಅದರಲ್ಲೂ ಬೆರೆತಿದ್ದದ್ದು ಕೀಟನಾಶಕ. ಡೈಕ್ಲೋರ್‌ವಾಸ್, ಫೋರೇಟ್ 2020ರ ಕೊನೆಯ ದಿನದಿಂದ ನಿಷಿದ್ಧ. ತಿಗಣೆಗೆ ಅಂತ ಈಗಲೂ ಲೇಬಲ್ ಇಲ್ಲದ ಸಣ್ಣ ಬಾಟಲಿ ಮಾರುವವರಿದ್ದರೆ ಅದರಲ್ಲಿ ಏನಿದೆ ಅಂತ ದೇವರಿಗೇ ಗೊತ್ತು.

ಡೈಮೆಥೋಯೇಟ್ ಗಿಡದ ರಸದೊಳಗೆ ಸೇರುವ ಜಾತಿ. ರಸ ಹೀರುವ ಹುಳಕ್ಕೆ ಸರಿ, ಗೆದ್ದಲಿಗೆ ಏನೂ ಅಲ್ಲ. ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಅದನ್ನು ಬಳಸುವಂತಿಲ್ಲ. ಮೆಲಾಥಿಯಾನ್ ಈ ಮನೆತನದಲ್ಲಿ ತೀಕ್ಷ್ಣತೆ ಕಡಿಮೆ ಇರುವುದು, ಸೊಳ್ಳೆಯ ಹೊಗೆಗೆ, ಮಿಡತೆಗೆ ಬಳಸುತ್ತಾರೆ. ಮಣ್ಣಲ್ಲಿ ಬೇಗ ಕೆಡುತ್ತದೆ, ಹಾಗಾಗಿ ಗೆದ್ದಲಿಗೆ ಬಾರದು. ಇದೂ ಪೂರ್ತಿ ಸಾಧು ಅಲ್ಲ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ಕೆಲಸಕ್ಕೆ ಇದನ್ನು ಹೊಡೆಯುತ್ತಿದ್ದವರಲ್ಲಿ ಸುಮಾರು 2800 ಮಂದಿಗೆ ವಿಷವೇರಿತು, ಐವರಾದರೂ ಸತ್ತರು. ಸರಿಯಾಗಿ ತಯಾರಾಗದ, ಸರಿಯಾಗಿ ಇಡದ ಡಬ್ಬದಲ್ಲಿ ಐಸೋಮೆಲಾಥಿಯಾನ್ ಅನ್ನುವ ಕಲ್ಮಶ ಹುಟ್ಟಿ, ಸೌಮ್ಯವಾಗಿದ್ದದ್ದು ಉಗ್ರವಾಗಿತ್ತು. ಬಿಸಿಲಿಗೆ ಬಿದ್ದ, ಅವಧಿ ಮುಗಿದ ಬಾಟಲಿಯನ್ನು ‘ಪವರ್ ಕಡಿಮೆಯಾಗಿರುತ್ತದೆ, ಸ್ವಲ್ಪ ಜಾಸ್ತಿ ಹಾಕೋಣ’ ಅನ್ನುವವರು ಇದನ್ನು ನೆನಪಿಡಬೇಕು.

ಕ್ಲೋರ್‌ಪೈರಿಫಾಸ್ ಹೆಸರೂ 2020ರ ಮೇ ತಿಂಗಳ ಕೇಂದ್ರದ ಕರಡು ನಿಷೇಧ ಪಟ್ಟಿಯಲ್ಲಿ, 27 ಕೀಟನಾಶಕಗಳ ನಡುವೆ ಇತ್ತು. ಕೊನೆಯ ಆದೇಶದಲ್ಲಿ ಕೆಲವು ಬೆಳೆಗಳನ್ನು ಬಿಟ್ಟು ಉಳಿದದ್ದಕ್ಕೆ ಉಳಿದುಕೊಂಡಿತು. ಹಾಗಾಗಿ ಅಂಗಡಿಯವರು ಅದನ್ನು ಕೊಡುವುದು ತಪ್ಪಲ್ಲ. ನಿಮ್ಮ ಬೆಳೆಯ ಹೆಸರು ಲೇಬಲ್ಲಿನಲ್ಲಿ ಇದೆಯೇ ಅಂತ ನೋಡದೆ ಕೊಳ್ಳುವುದು ತಪ್ಪು.

ಉಳಿದ 400 ಮಿ.ಲೀ.

ಯಾರೂ ಹೋಲಿಕೆಗೆ ತರದ ಒಂದು ವಿಷಯ ಬಾಟಲಿಯ ಅಳತೆ. 600 ಮಿ.ಲೀ. ಬೇಕಾದವರಿಗೆ ಸಿಗುವುದು ಒಂದು ಲೀಟರ್. ಉಳಿದದ್ದು ಅಟ್ಟದ ಮೇಲೆ, ಕೊಟ್ಟಿಗೆಯ ಮಾಡಿನ ಸಂದಿನಲ್ಲಿ ಕೂರುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರೆ. ಬೆಲೆ ಬಿದ್ದ ವರ್ಷ, ಸಾಲದ ನೋಟಿಸ್ ಬಂದ ದಿನ, ಜಗಳವಾದ ರಾತ್ರಿಯೂ ಇರುತ್ತದೆ. ಶ್ರೀಲಂಕಾ 1990ರ ದಶಕದಲ್ಲಿ ಅತಿ ವಿಷದ ಕೀಟನಾಶಕಗಳನ್ನು ತೆಗೆದುಹಾಕಿದ ಮೇಲೆ, 2005ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆಗಳ ಪ್ರಮಾಣ ಅರ್ಧಕ್ಕೆ ಇಳಿಯಿತು. ಕಷ್ಟ ಅರ್ಧವಾಗಿರಲಿಲ್ಲ. ಆ ಗಳಿಗೆಯಲ್ಲಿ ಕೈಗೆ ಸಿಗುವುದು ಬದಲಾಗಿತ್ತು, ಅಷ್ಟೆ.

ಹಾಗಾಗಿ ಈಗ ಕಾಫಿಯ ಅಂಚಿಗೆ ಹೊಡೆಸುವುದಿದ್ದರೆ ಪಕ್ಕದ ತೋಟದವರನ್ನು ಕೇಳಿ ದಿನ ಗೊತ್ತು ಮಾಡುತ್ತೇನೆ. ಬೆಳಿಗ್ಗೆ ನಮ್ಮಲ್ಲಿ, ಗಾಳಿ ಏಳುವ ಮುಂಚೆ ಅವರಲ್ಲಿ, ಒಂದೇ ಬಾಟಲಿ ಒಂದೇ ದಿನ ಮುಗಿಯಬೇಕು. ಜ್ಯೂಸಿನ ಬಾಟಲಿಗೆ ಸುರಿದು ಹಂಚಿಕೊಳ್ಳುವುದಿಲ್ಲ, ಬಾಟಲಿಯೇ ತೋಟದಿಂದ ತೋಟಕ್ಕೆ ಹೋಗುತ್ತದೆ. ಖಾಲಿಯಾದದ್ದನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಬಾಟಲಿಗೆ ಕತ್ತಿಯಲ್ಲಿ ತೂತು ಹೊಡೆಯುವುದು ನನ್ನ ಕೆಲಸ. ತೂತು ಹೊಡೆಯದಿದ್ದರೆ ಮರುವಾರ ಯಾರದೋ ಗಾಡಿಯಲ್ಲಿ ಅದು ಪೆಟ್ರೋಲ್ ಬಾಟಲಿಯಾಗಿ, ಅದಕ್ಕೂ ಮುಂದಿನ ವಾರ ಗದ್ದೆಗೆ ಕುಡಿಯುವ ನೀರು ಒಯ್ಯುವ ಬಾಟಲಿಯಾಗಿ ಕಾಣಿಸುತ್ತದೆ.